ಬೈಯಲು ಕರೆದದ್ದಲ್ಲ

ಶಾಲೆಯಿಂದಲೋ ಆಫೀಸಿನಿಂದಲೋ 'ಬಂದು ಕಾಣಿ' ಎಂದು ಕರೆ ಬಂದರೆ ಎಷ್ಟೋ ಮನೆಗಳಲ್ಲಿ ಎದೆ ಧಸಕ್ಕೆನ್ನುತ್ತದೆ. ಏನು ತಪ್ಪಾಯಿತೋ, ಯಾರ ಮಾನ ಹೋಯಿತೋ ಎಂಬ ಯೋಚನೆಯೇ ಮೊದಲು. ಕತ್ತರಿಯಣ್ಣನ ಮನೆಯಲ್ಲೂ ಹಾಗೇ ಆಯಿತು.

ಕತ್ತರಿಯಣ್ಣ ಎಂದರೆ ಬಸ್ ನಿಲ್ದಾಣದ ಎದುರು ಎರಡು ಕುರ್ಚಿಯ ಕಟಿಂಗ್ ಶಾಪ್ ಇಟ್ಟವನು. ಅವನ ಕಡೆಯಲ್ಲಾಗಲಿ ಹೆಂಡತಿಯ ಕಡೆಯಲ್ಲಾಗಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ, ಹತ್ತಿದವಳು ಮಗಳೊಬ್ಬಳೇ. ಡಿಗ್ರಿಗೆ ಸೇರಿದ ಮೊದಲ ತಿಂಗಳು ಊಟಕ್ಕೆ ಕೂತರೆ ಕಾಲೇಜಿನ ಮಾತೇ ಮಾತು. ಎರಡನೆಯ ತಿಂಗಳು ಮಾತು ಕಡಿಮೆಯಾಯಿತು, ಮೂರನೆಯ ತಿಂಗಳು ಊಟವೂ ಕಡಿಮೆಯಾಯಿತು. ಸ್ಟಾಟಿಸ್ಟಿಕ್ಸ್ ಟೆಸ್ಟಿನಲ್ಲಿ ಐವತ್ತಕ್ಕೆ ಒಂಬತ್ತು ಬಂದಿತ್ತು. ಉಳಿದವೂ ಅಷ್ಟಕ್ಕಷ್ಟೇ. ಕ್ಲಾಸಿನಲ್ಲಿ ಎದ್ದು ನಿಂತು ಕೇಳೋಣವೆಂದರೆ, ಹಿಂದೊಮ್ಮೆ ಕೇಳಿದಾಗ ಅವಳ ಮನೆಮಾತಿನ ರಾಗ ಕೇಳಿ ಹಿಂದಿನ ಬೆಂಚಿನವರು ನಕ್ಕಿದ್ದರು. ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಅಷ್ಟರಲ್ಲಿ ಅವಳ ಫೋನಿಗೆ ಕಾಲೇಜಿನಿಂದ ಮೆಸೇಜ್ ಬಂತು: ನಿಮ್ಮ ಅಡ್ವೈಸರನ್ನು ಬಂದು ಕಾಣಿ. ಒಂದು ಸಲವಲ್ಲ, ಮೂರು ಸಲ. ಮೂರನೆಯದನ್ನು ಅವಳು ಅಪ್ಪನಿಗೆ ತೋರಿಸಿದಳು. ಕತ್ತರಿಯಣ್ಣನನ್ನು ಏಳನೇ ಕ್ಲಾಸಿನಲ್ಲಿ ಹೆಡ್‌ಮಾಸ್ಟರ್ ರೂಮಿಗೆ ಹೀಗೇ ಕರೆದಿದ್ದರು. ಅಲ್ಲಿಂದ ಹೊರಬಂದವನು ಮತ್ತೆ ಶಾಲೆಯ ಕಡೆ ತಲೆಹಾಕಲಿಲ್ಲ. ಆ ಹೆದರಿಕೆ ಇನ್ನೂ ಅವನನ್ನು ಬಿಟ್ಟಿರಲಿಲ್ಲ.

"ದೊಡ್ಡವರ ಕಣ್ಣಿಗೆ ಬೀಳ್ಬೇಡ ಮಗಾ. ತಲೆ ತಗ್ಗಿಸ್ಕೊಂಡು ಓದ್ಕೋ, ಅವರೇ ಮರೆತುಬಿಡ್ತಾರೆ" ಅಂದ.

ಪಾಪ, ಪ್ರೀತಿಯಿಂದಲೇ ಅಂದ. ಆದರೆ ಪ್ರೀತಿಯಿಂದ ಹೇಳಿದ ಮಾತ್ರಕ್ಕೆ ತಪ್ಪು ಬುದ್ಧಿಮಾತು ಸರಿಯಾಗಿಬಿಡುತ್ತದೆಯೇ?

ಬುಧವಾರ ಬೆಳಿಗ್ಗೆ ಮಗಳು ಕಾಲೇಜಿಗೆ ಹೊರಡಲೇ ಇಲ್ಲ. ಇದೆಲ್ಲ ತನ್ನ ತಲೆಗೆ ಹತ್ತುವುದಲ್ಲ, ಬಿಟ್ಟುಬಿಡುತ್ತೇನೆ ಎಂದು ಗೋಡೆಯ ಕಡೆ ಮುಖ ಮಾಡಿ ಹೇಳಿದಳು. ಕತ್ತರಿಯಣ್ಣ ಬೀಗದ ಕೈ ತೆಗೆದುಕೊಂಡು ಅಂಗಡಿಗೆ ಬಂದ.

ಅವತ್ತು ಶೇವಿಂಗಿಗೆ ಬಂದವರು ಲೈಬ್ರರಿ ಮಾವ. ಅದೇ ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತು ವರ್ಷದಿಂದ ಅಟೆಂಡರ್ ಆಗಿರುವವರು. ನೊರೆ ಹಚ್ಚಿ ಕತ್ತಿ ಆಡಿಸುತ್ತಾ ಕತ್ತರಿಯಣ್ಣ ಮನೆಯ ಕಥೆಯನ್ನೆಲ್ಲ ಹೇಳಿಕೊಂಡ. ಮಾವ ಕತ್ತಿ ಹಿಡಿದ ಅವನ ಕೈಯನ್ನು ತಡೆದು, ಅರ್ಧ ಮುಖದ ನೊರೆಯಲ್ಲೇ ಎದ್ದು ಕೂತರು.

"ಅಡ್ವೈಸರ್ ಅಂದ್ರೆ ಪೊಲೀಸಲ್ಲ ಕಣಯ್ಯ. ಯಾವ ವಿಷಯ ತಗೋಬೇಕು, ಯಾವುದು ಬಿಡಬೇಕು, ಎಡವಿದ್ರೆ ಯಾರ ಹತ್ರ ಹೋಗ್ಬೇಕು, ಇದನ್ನ ಹೇಳ್ಕೊಡೋಕೆ ಕಾಲೇಜಿನೋರು ಕೂರಿಸಿರೋ ಮೇಷ್ಟ್ರು. ಓದಿದ ಅಪ್ಪ ಅಮ್ಮ ಇದ್ರೆ ಮಕ್ಕಳಿಗೆ ಇದೆಲ್ಲ ಮನೇಲೇ ಗೊತ್ತಾಗುತ್ತೆ. ನಮ್ಮಂಥ ಮನೆ ಮಕ್ಕಳಿಗೆ ಯಾರು ಹೇಳ್ತಾರೆ?"

ಹೋದಮೇಲೆ ಹೆಸರು ಹೊಡೆದು ಹಾಕಿದರೆ ಎಂದು ಕತ್ತರಿಯಣ್ಣ ಅನುಮಾನಿಸಿದ. ಹೋಗದಿದ್ದರೇ ಆಪತ್ತು ಎಂದರು ಮಾವ. ತೆಗೆದುಕೊಂಡ ವಿಷಯ ಬಿಡುವುದಕ್ಕೆ ಈ ಶುಕ್ರವಾರವೇ ಕೊನೆ. ಆಮೇಲೆ ಬಿಟ್ಟರೆ ಫೇಲ್ ಎಂದೇ ಬೀಳುತ್ತದೆ. ಇಷ್ಟು ಹೇಳಿ ಮಾವ ದನಿ ತಗ್ಗಿಸಿದರು.

"ಓದು ಬಿಟ್ಟು ಹೋಗೋ ಮಕ್ಕಳು ಕೊನೆಗೆ ಲೈಬ್ರರಿ ಕಾರ್ಡು ವಾಪಸ್ ಕೊಡೋಕೆ ನನ್ನ ಹತ್ರಾನೇ ಬರ್ತಾರೆ. ಯಾರನ್ನಾದ್ರೂ ಕೇಳಿದ್ಯೇನಪ್ಪಾ ಅಂದ್ರೆ, ಇಲ್ಲ ಅಂತ ತಲೆ ಆಡಿಸ್ತಾರೆ. ನಿನ್ನ ಮಗಳ ಕಾರ್ಡು ನನ್ನ ಕೈಗೆ ಬರೋ ಹಾಗೆ ಮಾಡ್ಬೇಡ."

ಕತ್ತರಿಯಣ್ಣ ಉಳಿದ ಅರ್ಧ ಮುಖವನ್ನು ಮುಗಿಸಿದ.

ಗುರುವಾರ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಶರ್ಟು ತೊಟ್ಟು, ಒಲ್ಲೆ ಎನ್ನುತ್ತಿದ್ದ ಮಗಳನ್ನು ಕರೆದುಕೊಂಡು ಹೊರಟ. ಅಡ್ವೈಸರ್ ಮೇಡಂ ರೂಮಿನಲ್ಲಿ ಇದ್ದದ್ದೇ ಎರಡು ಕುರ್ಚಿ; ಅವನಿಗೆಂದು ಮೇಡಂ ತಾವೇ ಹೊರಗಿನಿಂದ ಇನ್ನೊಂದನ್ನು ಎಳೆದು ತಂದರು. ಅಷ್ಟಕ್ಕೇ ಅವನ ಅರ್ಧ ಹೆದರಿಕೆ ಇಳಿಯಿತು. ಅವರು ಮಾರ್ಕಿನ ಮಾತೇ ಎತ್ತಲಿಲ್ಲ. ಎಷ್ಟು ಹೊತ್ತಿಗೆ ಏಳುತ್ತೀಯ, ಎಷ್ಟು ಬಸ್ ಬದಲಾಯಿಸುತ್ತೀಯ, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ವಿಚಾರಿಸಿದರು. ತಮ್ಮ ಹತ್ತಿರ ಬರುವವರಲ್ಲಿ ಅರ್ಧದಷ್ಟು ಮಕ್ಕಳಿಗೆ ಮನೆಯ ಮಾತು ಒಂದು, ಕ್ಲಾಸಿನ ಮಾತು ಇನ್ನೊಂದು ಎಂದರು. ಮಗಳು ಆಗ ತಲೆ ಎತ್ತಿದಳು.

ಆಮೇಲೆ ಮೇಡಂ ಅವಳ ಫಾರಂ ತೆಗೆದು ಕೇಳಿದರು, "ಆರು ವಿಷಯ ಯಾಕಮ್ಮ ತಗೊಂಡೆ?"

"ಫಾರಂನಲ್ಲಿ ಆರು ಗೆರೆ ಇತ್ತು ಮೇಡಂ."

 ಫಾರಂ ತುಂಬಿದ ದಿನ ಪಕ್ಕದಲ್ಲಿ ನಿಂತು, ಒಂದು ಗೆರೆಯನ್ನೂ ಖಾಲಿ ಬಿಡಬೇಡ ಎಂದು ಬರೆಸಿದವನು ಕತ್ತರಿಯಣ್ಣನೇ. ಅವನಾದರೂ ಏನು ಮಾಡಿಯಾನು? ಖಾಲಿ ಜಾಗ ಬಿಟ್ಟ ಅರ್ಜಿಗಳೆಲ್ಲ ಕೌಂಟರಿನಿಂದ ವಾಪಸ್ ಬಂದದ್ದನ್ನೇ ಅವನು ಜೀವಮಾನವೆಲ್ಲ ಕಂಡಿದ್ದ.

"ನಾನೇ ಮೇಡಂ ತುಂಬಿಸಿದ್ದು" ಎಂದ ಅವನು.

"ನಿಮ್ಮ ತಪ್ಪಲ್ಲ. ನಾಲ್ಕು ಸಾಕು ಅಂತ ಫಾರಂ ಮೇಲೆ ನಾವು ಬರೀಬೇಕಿತ್ತು. ಎರಡೆರಡು ಬಸ್ ಹತ್ತಿ ಬಂದು ಆರು ವಿಷಯ ಓದೋದು ಯಾರಿಗೂ ಸುಲಭ ಇಲ್ಲ. ಇವಳು ದಡ್ಡಿ ಅಲ್ಲ, ಹೊರೆ ಜಾಸ್ತಿಯಾಗಿದೆ."

ಸ್ಟಾಟಿಸ್ಟಿಕ್ಸನ್ನೂ ಇನ್ನೊಂದನ್ನೂ ಅವತ್ತೇ ಬಿಡಿಸಿದರು. ಮುಂದಿನ ವರ್ಷ ತೆಗೆದುಕೊಂಡರಾಯಿತು, ಈಗ ಬಿಟ್ಟರೆ ಯಾವ ಕಪ್ಪುಚುಕ್ಕೆಯೂ ಇಲ್ಲ ಎಂದರು. ಸೀನಿಯರ್‌ಗಳು ಶನಿವಾರ ಉಚಿತವಾಗಿ ಪಾಠ ಹೇಳಿಕೊಡುತ್ತಾರೆ, ಅಲ್ಲಿ ಯಾವ ರಾಗದಲ್ಲಿ ಬೇಕಾದರೂ ಪ್ರಶ್ನೆ ಕೇಳಬಹುದು ಎಂದು ಅಲ್ಲಿಗೂ ಹೆಸರು ಬರೆದುಕೊಂಡರು.

ಹೊರಗೆ ಬಂದು ಮಗಳು ಕಾರಿಡಾರಿನಲ್ಲೇ ಅತ್ತುಬಿಟ್ಟಳು. "ಮೂರು ತಿಂಗಳಿಂದ ನಾನೇ ದಡ್ಡಿ ಅಂದ್ಕೊಂಡಿದ್ದೆ ಅಪ್ಪ."

ಕತ್ತರಿಯಣ್ಣ ಅವಳ ತಲೆ ಸವರಿದ. "ದೊಡ್ಡವರ ಕಣ್ಣಿಗೆ ಬೀಳ್ಬೇಡ ಅಂದೋನು ನಾನು. ಇನ್ಮೇಲೆ ಕೇಳು ಮಗಾ. ನಾನೂ ಕೇಳ್ತೀನಿ." ಅಂದವನೇ ತಿರುಗಿ ಹೋಗಿ ಅದೇ ಬಾಗಿಲು ತಟ್ಟಿದ.

"ಮೇಡಂ, ಮುಂದಿನ ಸಲ ನಾವು ಯಾವಾಗ ಬರ್ಬೇಕು?"

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮನೆಯಿಂದಲೂ ಮೊದಲ ಬಾರಿಗೆ ಒಂದು ಮಗು ಕಾಲೇಜಿಗೆ ಹೋಗುತ್ತಿದ್ದರೆ ಇವತ್ತೇ ಕೇಳಿ: ನಿನ್ನ ಅಡ್ವೈಸರ್ ಯಾರು? ಗೊತ್ತಿಲ್ಲ ಎಂದರೆ ಬೈಯಬೇಡಿ. ನಾಳೆ ಬೆಳಿಗ್ಗೆ ಜೊತೆಯಲ್ಲಿ ಹೋಗಿ ವಿಚಾರಿಸಿ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ, ಮಗುವಿನ ಪಕ್ಕದಲ್ಲಿ ನಿಲ್ಲುವುದಕ್ಕೆ ಓದು ಬೇಕಾಗಿಲ್ಲ.