ನಿದ್ದೆಗೆ ಹೋದ ಹನ್ನೊಂದು ಗಂಟೆ

ವರ್ನೀಟಾ ಪಿಕೆಟ್ ಐವತ್ತನಾಲ್ಕನೆಯ ವಯಸ್ಸಿನಲ್ಲಿ ತಲೆ ಬಾಚುವುದನ್ನು ಕಲಿಯಲು ಶಾಲೆಗೆ ಸೇರಿದಳು. ಅಷ್ಟು ವರ್ಷ ಯಾರ ತಲೆಯನ್ನೂ ಬಾಚಿರಲಿಲ್ಲವೆಂದಲ್ಲ. ಓಹಿಯೋ ರಾಜ್ಯದಲ್ಲಿ ಇನ್ನೊಬ್ಬರ ಕೂದಲಿಗೆ ಕತ್ತರಿ ಹಾಕಿ ಬದುಕಬೇಕೆಂದರೆ ಪರವಾನಗಿ ಬೇಕು. ಪರವಾನಗಿಯ ಪರೀಕ್ಷೆಗೆ ಕೂರಬೇಕೆಂದರೆ ಮಾನ್ಯತೆ ಪಡೆದ ಶಾಲೆಯಲ್ಲಿ ಸಾವಿರದ ಐನೂರು ಗಂಟೆ ಕಳೆದಿರಬೇಕು. ಜಾಣೆಗೂ ಅಷ್ಟೇ, ದಡ್ಡಿಗೂ ಅಷ್ಟೇ.

ನದಿದಂಡೆಯ ಆ ಊರಿನಲ್ಲಿ ಅಂಥ ಶಾಲೆ ಒಂದೇ ಒಂದು. ಡೆಲ್ಬರ್ಟ್ ಸ್ಟಾಂಪರ್ ಎಂಬವನು ಲಾಭಕ್ಕೆಂದು ನಡೆಸುತ್ತಿದ್ದದ್ದು. ಬಡ ವಿದ್ಯಾರ್ಥಿಗಳಿಗೆಂದು ಸರ್ಕಾರ ಕೊಡುವ ನೆರವು ಅವರು ಕಳೆದ ಗಂಟೆಗಳನ್ನು ನೋಡಿಕೊಂಡು ನೇರ ಅವನ ಕೈಗೆ ಬರುತ್ತಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಗಡಿಯಾರದ ಪೆಟ್ಟಿಗೆ. ಬರುವಾಗೊಮ್ಮೆ ಹೋಗುವಾಗೊಮ್ಮೆ ಕಾರ್ಡು ತೂರಿಸಿ ಒತ್ತಬೇಕು. ಮೊದಲ ದಿನವೇ ಟೀಚರಮ್ಮ ಇಮೋಜೀನ್ ಹೇಳಿದ್ದಳು, ಕೆಲಸ ನಿಂತರೆ ಗಡಿಯಾರವೂ ನಿಲ್ಲಬೇಕು ಎಂದು. ಹುಡುಗಿಯರು ನಕ್ಕು ಮರೆತರು. ವರ್ನೀಟಾ ಮರೆಯಲಿಲ್ಲ. ಹತ್ತೊಂಬತ್ತು ವರ್ಷ ಬೂಟಿನ ಕಾರ್ಖಾನೆಯಲ್ಲಿ ಹೊಲಿದವಳು ಅವಳು; ಅಲ್ಲಿ ಸೂಜಿ ನಿಂತರೆ ಸಂಬಳವೂ ನಿಲ್ಲುತ್ತಿತ್ತು. ಮೈಗೆ ಹತ್ತಿದ ಅಭ್ಯಾಸ ಹಾಗೆಲ್ಲ ಬಿಡುವುದಿಲ್ಲ.

ಪ್ರತಿ ಗುರುವಾರ ಮಧ್ಯಾಹ್ನ ಹೇಝಲ್ ಟ್ರಿಂಬಲ್ ಬರುತ್ತಿದ್ದಳು. ಎಂಬತ್ತೊಂದರ ವಿಧವೆ, ಬಾಯಿ ಸ್ವಲ್ಪ ಜೋರು. ವರ್ನೀಟಾಳ ಹೊರತು ಬೇರೆ ಯಾರೂ ತನ್ನ ತಲೆ ಮುಟ್ಟಕೂಡದು ಎಂದು ಕಟ್ಟುನಿಟ್ಟು ಮಾಡಿದ್ದಳು. ತಲೆ ತೊಳೆದು, ಕೂದಲನ್ನು ಉರುಳೆಗಳಿಗೆ ಸುತ್ತಿ, ಒಣಗಿಸುವ ಯಂತ್ರದ ದೊಡ್ಡ ಟೋಪಿಯನ್ನು ಮೇಲೆ ಇಳಿಸಿದರೆ ಮುದುಕಿಯ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಮುಂದಿನ ಕಾಲು ಗಂಟೆ ಕೈಗೆ ಕೆಲಸವಿಲ್ಲ. ವರ್ನೀಟಾ ಮೆಲ್ಲನೆ ಎದ್ದು, ಕಾರ್ಡು ಒತ್ತಿ ತನ್ನ ಗಂಟೆ ನಿಲ್ಲಿಸಿ, ಮರಳಿ ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು.

ಕೂತರೆ ಸಾಕು, ಜೋಂಪು ಹತ್ತುತ್ತಿತ್ತು. ಯಂತ್ರದ ಗುಂಯ್ ಎಂಬ ಸದ್ದು ಎಲ್ಲೋ ಕೆಳಗೆ ಹರಿಯುವ ನೀರಾಗುತ್ತಿತ್ತು. ಬಿಸಿಗಾಳಿ ಬೀಸಿ ಗೋಡೆಗಳು ಪರದೆಯ ಹಾಗೆ ಅಲುಗುತ್ತಿದ್ದವು. ಕಪಾಟಿನಲ್ಲಿ ಸಾಲಾಗಿ ಇಟ್ಟ ಅಭ್ಯಾಸದ ಗೊಂಬೆತಲೆಗಳು ಒಂದರ ಕಿವಿಗೆ ಒಂದು ಏನನ್ನೋ ಹೇಳಿಕೊಳ್ಳುತ್ತಿದ್ದವು. ಆಮೇಲೆ ಅವಳ ಅವ್ವ ನದಿಯ ಕಡೆಗೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ವರ್ನೀಟಾ ಅವಳ ಕೂದಲನ್ನು ಬಾಚುತ್ತಲೇ ಇರುತ್ತಿದ್ದಳು. ಕೂದಲು ಮೆಟ್ಟಿಲು ಇಳಿದು ನೀರಿಗೆ ಸೇರಿ ಹೋಗುತ್ತಿತ್ತು, ತುದಿ ಎನ್ನುವುದೇ ಇಲ್ಲ. ಬಾಚಣಿಗೆ ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಕಾಲು ಗಂಟೆಗೆ ಸರಿಯಾಗಿ ಮೊಣಕಾಲಿಗೆ ಏನೋ ತಾಗಿದಂತಾಗಿ ಎಚ್ಚರವಾಗುತ್ತಿತ್ತು.

ಹೀಗೇ ನಲವತ್ತನಾಲ್ಕು ಗುರುವಾರ ಕಳೆದವು.

ನಲವತ್ತೈದನೆಯ ಗುರುವಾರ ಶಾಲೆಗಳಿಗೆ ಮಾನ್ಯತೆ ಕೊಡುವ ಮಂಡಳಿಯಿಂದ ಆಸ್‌ಗುಡ್ ಎಂಬ ತನಿಖೆಯವನು ಬಂದ. ತೆಳ್ಳನೆಯ, ಮಾತಿಗೆ ಮೊದಲು ಕನ್ನಡಕ ಒರೆಸಿಕೊಳ್ಳುವ ಮನುಷ್ಯ. ಡೆಲ್ಬರ್ಟ್ ಹಿಂದಿನ ದಿನವೇ ಊರು ಬಿಟ್ಟಿದ್ದ. ಆಸ್‌ಗುಡ್ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದ. ದಿನಕ್ಕೆ ಎಂಟು, ಎಂಟು, ಎಂಟು. ನದಿ ಉಕ್ಕಿ ಮುಖ್ಯ ಬೀದಿಯಲ್ಲಿ ದೋಣಿ ಓಡಿದ ಫೆಬ್ರವರಿಯ ದಿನವೂ ಇಪ್ಪತ್ತೊಂದು ಮಂದಿ ಎಂಟೆಂಟು ಗಂಟೆ ಕಲಿತಿದ್ದರು. ನೆರವಿನ ಹಣಕ್ಕಾಗಿ ಡೆಲ್ಬರ್ಟ್ ತಾನೇ ಅವರ ಕಾರ್ಡು ಒತ್ತಿಟ್ಟಿದ್ದ; ಹುಡುಗಿಯರಿಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದವರು ಕೇಳಿರಲಿಲ್ಲ. ಶಾಲೆಯ ಮಾನ್ಯತೆ ಅವತ್ತಿಗೇ ಮುಗಿಯಿತು ಎಂದ ಆಸ್‌ಗುಡ್. ಈ ಗಂಟೆಗಳಲ್ಲಿ ನಿಜವೆಷ್ಟು ಎಂದು ತಿಳಿಯುವ ತನಕ ಯಾರೂ ಪರೀಕ್ಷೆಗೆ ಕೂರುವಂತಿಲ್ಲ ಎಂದ.

ಹುಡುಗಿಯರು ಒಬ್ಬೊಬ್ಬರಾಗಿ ಹೊರಗೆ ಹೋದರು. ವರ್ನೀಟಾ ಹೋಗುವ ಹಾಗಿರಲಿಲ್ಲ. ಹೇಝಲ್ ಟೋಪಿಯ ಕೆಳಗೆ ಕೂತಿದ್ದಳು, ಕೂದಲು ಇನ್ನೂ ಒದ್ದೆ.

ಆಸ್‌ಗುಡ್ ವರ್ನೀಟಾಳ ಕಾರ್ಡು ಹಿಡಿದು ಅವಳ ಬಳಿಗೆ ಬಂದ. ಪ್ರವಾಹದ ದಿನ ಅದರಲ್ಲಿ ಖಾಲಿ ಇತ್ತು; ಅವಳು ಕಾರ್ಡನ್ನು ದಿನವೂ ಮನೆಗೆ ಒಯ್ಯುತ್ತಿದ್ದುದರಿಂದ ಡೆಲ್ಬರ್ಟ್‌ನ ಕೈಗೆ ಸಿಕ್ಕಿರಲಿಲ್ಲ. ಗುರುವಾರಗಳಲ್ಲೆಲ್ಲ ಇಲಿ ಕಡಿದ ಹಾಗೆ ಕಾಲು ಗಂಟೆಯ ಒಂದು ತೂತು. ಇಷ್ಟು ತೂತಿರುವ ಕಾರ್ಡನ್ನು ಯಾರೂ ಸುಳ್ಳಿಗೆ ಮಾಡುವುದಿಲ್ಲ, ಆದ್ದರಿಂದ ಇದನ್ನು ನಂಬುತ್ತೇನೆ ಎಂದ. ಸಾವಿರದ ನಾನೂರ ಎಂಬತ್ತೊಂಬತ್ತು ಗಂಟೆ. ಹನ್ನೊಂದು ಕಡಿಮೆ.

ಆಮೇಲೆ ಕನ್ನಡಕ ಒರೆಸಿಕೊಂಡ. "ಈ ಗುರುವಾರದ ಕಾಲು ಗಂಟೆಗಳಲ್ಲಿ ಎಲ್ಲಿರ್ತಿದ್ರಿ ಅಮ್ಮ? ಗಿರಾಕಿ ಪಕ್ಕದಲ್ಲಿ ನಿಂತು ನೋಡ್ಕೋತಿದ್ರೆ ಅದೂ ಕೆಲ್ಸಾನೇ. ಹೌದು ಅಂದ್ರೆ ಸೇರಿಸಿ ಬರೀತೀನಿ. ಮುಂದಿನ ವಾರಾನೇ ಪರೀಕ್ಷೆಗೆ ಕೂರಬಹುದು."

ಅವನ ಬೆನ್ನ ಹಿಂದೆ ನಿಂತಿದ್ದ ಇಮೋಜೀನ್, ಹೌದೆನ್ನು ಎಂದು ಕತ್ತು ಆಡಿಸಿದಳು. ಒಂದು ಶಬ್ದ ಸಾಕಿತ್ತು. ವರ್ನೀಟಾ ಬಾಯಿ ತೆರೆದಳು. ತೆರೆದಾಗ ಕಣ್ಣ ಮುಂದೆ ಬಂದದ್ದು ಮೆಟ್ಟಿಲು, ನದಿ, ತುದಿಯಿಲ್ಲದ ಆ ಕೂದಲು. ಅದಕ್ಕೆ ಕೆಲಸವೆಂದು ಹೆಸರಿಟ್ಟರೆ ಅವ್ವ ಎದ್ದು ಹೋಗಿಬಿಡುತ್ತಾಳೇನೋ ಅನ್ನಿಸಿತು.

"ನಿದ್ದೆ ಮಾಡ್ತಿದ್ದೆ ಸಾರ್," ಎಂದಳು.

"ಬರೀ ನಿದ್ದೆ ಅಲ್ಲ, ಗೊರಕೆ," ಎಂದಿತು ಟೋಪಿಯ ಕೆಳಗಿನಿಂದ ಒಂದು ದನಿ. "ಕಿವಿ ಮುಚ್ಚಿರೋ ನಂಗೇ ಕೇಳ್ಸುತ್ತೆ ಅಂದ್ರೆ ನೋಡಿ."

ವರ್ನೀಟಾ ತಿರುಗಿದಳು. "ನೀವು ಮಲಗಿರ್ತಿದ್ರಲ್ಲ ಹೇಝಲಮ್ಮ?"

"ಈ ಬಿಸಿಗೆ ಯಾರಿಗೆ ನಿದ್ದೆ ಬರುತ್ತೆ ಮಾರಾಯ್ತಿ? ನಾನು ಕಣ್ಣು ಮುಚ್ಚಿದ್ರೆ ನೀನು ಕೂರ್ತೀಯ ಅಂತ ಮುಚ್ಚಿದ್ದು. ಹೊತ್ತಾದ ಮೇಲೆ ಕಾಲಲ್ಲಿ ತಿವೀತಿದ್ದವಳು ಯಾರು ಅನ್ಕೊಂಡೆ?"

ಆಸ್‌ಗುಡ್ ನಗಲಿಲ್ಲ, ಗದರಲೂ ಇಲ್ಲ. ನಿಂತಲ್ಲೇ ಸಾವಿರದ ನಾನೂರ ಎಂಬತ್ತೊಂಬತ್ತು ಎಂದು ಬರೆದು, ಸಹಿ ಹಾಕಿ, ಹಾಳೆಯನ್ನು ಕೊಟ್ಟ. ನದಿಯ ಮೇಲ್ಗಡೆಯ ಊರಿನಲ್ಲಿ ಸರ್ಕಾರದ್ದೇ ಶಾಲೆಯಿದೆ, ಈ ಸಹಿ ಇದ್ದರೆ ಹಳೆಯ ಗಂಟೆಗಳನ್ನು ಒಪ್ಪುತ್ತಾರೆ ಎಂದ. ಆದರೆ ಹೊರಗಿನವರು ತಮ್ಮ ಗಿರಾಕಿಯನ್ನು ತಾವೇ ಕರೆದುಕೊಂಡು ಹೋಗಬೇಕು. ಅಲ್ಲಿ ವರ್ನೀಟಾಳಿಗೆ ಯಾರ ಪರಿಚಯವೂ ಇರಲಿಲ್ಲ.

"ಬಸ್ಸಲ್ಲಿ ನಂಗೆ ಕಿಟಕಿ ಪಕ್ಕ ಬೇಕು," ಎಂದಳು ಹೇಝಲ್.

ಸೋಮವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ದಂಡೆ ಯಾವುದು ನೀರು ಯಾವುದು ಗೊತ್ತಾಗುತ್ತಿರಲಿಲ್ಲ. ಬಸ್ಸು ಮೋಡದೊಳಗೆ ತೇಲಿದಂತೆ ಸಾಗಿತ್ತು. ಹೇಝಲ್ ಈ ಸಲ ನಿಜವಾಗಿಯೇ ನಿದ್ದೆ ಹೋಗಿ ವರ್ನೀಟಾಳ ಭುಜಕ್ಕೆ ಒರಗಿದಳು. ಹತ್ತಿಯಷ್ಟು ಹಗುರ ತಲೆ.

ಆ ಎರಡು ದಿನಗಳಲ್ಲಿ ಅದೇ ತಲೆಯನ್ನು ಎಷ್ಟು ಸಲ ತೊಳೆದು ಸುತ್ತಿ ಬಿಚ್ಚಿದಳೋ. ಮಂಗಳವಾರ ಹನ್ನೊಂದೂವರೆಗೆ ಅಲ್ಲಿನ ಟೀಚರು ಬಂದು, ಹನ್ನೊಂದು ಗಂಟೆ ತುಂಬಿತು, ಇನ್ನು ನೀವು ಹೋಗಬಹುದು ಎಂದು ಮುದ್ರೆ ಒತ್ತಿದ ಹಾಳೆ ಕೊಟ್ಟಳು. ವರ್ನೀಟಾ ಅದನ್ನು ಕನ್ನಡಿಯ ಸಂದಿಗೆ ಸಿಕ್ಕಿಸಿದಳು. ಹೇಝಲ್‌ಳ ಬಲಗಡೆಯ ಕೂದಲು ಸುರುಳಿಯಾಗಿ ನಿಂತಿತ್ತು, ಎಡಗಡೆಯದು ಇನ್ನೂ ಕಿವಿಗೆ ಅಂಟಿಕೊಂಡಿತ್ತು.

"ಅರ್ಧ ತಲೆ ಇಟ್ಕೊಂಡು ನಾನು ಬಸ್ ಹತ್ತಲ್ಲ," ಎಂದಳು ಹೇಝಲ್.

ವರ್ನೀಟಾ ಎಡಗಡೆಗೆ ಬಂದು ನಿಂತು ಬಾಚಣಿಗೆ ತೆಗೆದುಕೊಂಡಳು.