ಬೋರಿನ ಕೆಳಗೆ ಭತ್ತ

ಬಾದನಹಟ್ಟಿಯಲ್ಲಿ ನೀರಿನ ಸಮಿತಿ ಕಟ್ಟಿದಾಗ ಖೈರುನ್ನೀಸಾಳನ್ನೂ ಸೇರಿಸಿಕೊಂಡರು. ಗಂಡ ತೀರಿಕೊಂಡ ಮೇಲೆ ಮೆಣಸಿನಕಾಯಿ ಹೊಲವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದವಳು. ಊರಲ್ಲಿ ಚೆನ್ನಾಗಿ ನೀರಿದ್ದ ಬೋರೆಂದರೆ ಅವಳದೇ. ಈಚೆಗೆ ಮಳೆಯ ರೀತಿಯೇ ಬದಲಾಗಿತ್ತು. ತಿಂಗಳುಗಟ್ಟಲೆ ಬಾರದು, ಬಂದರೆ ಒಂದೇ ಏಟಿಗೆ ಸುರಿದು ಹಳ್ಳ ಸೇರುತ್ತಿತ್ತು, ನೆಲದೊಳಕ್ಕೆ ಇಳಿಯುತ್ತಿರಲಿಲ್ಲ. ಆ ವರ್ಷ ಎರಡನೇ ಬೆಳೆಗೆ ಕಾಲುವೆ ನೀರೂ ಇಲ್ಲವೆಂದಾಯಿತು. ಎಲ್ಲರ ಕಣ್ಣು ಬೋರುಗಳ ಮೇಲೆ ಬಿತ್ತು.

ಸಭೆಯಲ್ಲಿ ಕೇರಿಯ ಹುಲುಗಮ್ಮ ಎದ್ದು ನಿಂತಳು. "ನೀವು ಮೋಟ್ರು ಹಾಕಿದ್ರ ನಮ್ಮ ನಳ ನಿಂದರತೈತಿ. ಬಂದ್ ಮಾಡಿ ನೋಡ್ರಿ, ಬರತೈತಿ."

ಸುತ್ತಲಿನ ಮೋಟಾರುಗಳನ್ನು ನಿಲ್ಲಿಸಿ ನೋಡಿದರು. ಮರುದಿನ ಕೇರಿಯ ನಳದಲ್ಲಿ ನೀರು ಬಂತು. ಬೇಸಿಗೆಯಲ್ಲಿ ಬೋರಿನ ಕೆಳಗೆ ಯಾರೂ ಭತ್ತ ಹಚ್ಚಬಾರದು, ಜೋಳಕ್ಕೆ ಸರದಿಯಂತೆ ನೀರು ಎಂದು ಒಪ್ಪಿಕೊಂಡರು. ಖೈರುನ್ನೀಸಾಳ ಭಾವ ಶಾಮೀದಸಾಬರೂ ತಲೆಯಾಡಿಸಿದ್ದರು.

ಅದಾಗಿ ಸ್ವಲ್ಪ ದಿನಕ್ಕೆ ಅವರ ಹೊಲದಲ್ಲಿ ಭತ್ತದ ಸಸಿ ಎದ್ದಿತ್ತು. ಆ ಹೊಲಕ್ಕೆ ನೀರು ಹೋಗುತ್ತಿದ್ದುದು ಖೈರುನ್ನೀಸಾಳ ಬೋರಿನಿಂದ.

"ನಾವು ಕೇಳಿದ್ರ ಜಗಳ ಆಗತೈತಿ," ಎಂದ ಸಮಿತಿಯ ಮಾರೆಣ್ಣ. "ನಿಮ್ಮ ಮನಿಯವ್ರು. ನೀವಽ ಮಾತಾಡ್ರಿ."

ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಗಂಡ ಹೋದ ವರ್ಷ ಅವಳ ಹೊಲ ಉತ್ತು ಬಿತ್ತಿಕೊಟ್ಟವರು ಇದೇ ಭಾವ. ಆದರೂ ಹೋದಳು. ಶಾಮೀದಸಾಬರು ಬದುವಿನ ಮೇಲೆ ಕೂತಿದ್ದರು.

"ಬಾವಾ, ನೆಲ್ಲು ಬ್ಯಾಡಂತ ನೀವೂ ಒಪ್ಪಿದ್ರಿ."

"ಮನಿ ಮಟ್ಟಿಗೆ ಒಂದೀಟು ಹಾಕೀನಿ, ಮಾರಾಕಲ್ಲ."

"ನಾಳೆ ಎಲ್ಲಾರೂ ಒಂದೀಟು ಹಾಕ್ತಾರ."

"ನಿನ್ನ ಕಷ್ಟಕ್ಕ ಆದವ ನಾನು. ಈಗ ಮಂದಿ ಪರವಾಗಿ ನನ್ನ ಕೇಳಾಕ ಬಂದೀಯೇನು?"

"ನೀವು ಇರದಿದ್ರ ನನ್ನ ಹೊಲ ಬೀಳು ಬೀಳತಿತ್ತು. ಅದನ್ನ ಮರತಿಲ್ಲ. ಆದ್ರ ನಳ ನಿಂತ್ರ ಹುಲುಗಮ್ಮ ಕೊಡ ಹೊತ್ಕೊಂಡು ಬರೋದು ನನ್ನ ಬೋರಿಗೆ. ಆಕಿಗೆ ಏನು ಹೇಳ್ಲಿ? ಜೋಳಕ್ಕಾದ್ರ ನಿಮ್ಮ ಸರದಿ ನೀರು ನಿಮಗ ಐತಿ. ನೆಲ್ಲಿಗೆ ಬಿಡಂಗಿಲ್ಲ."

ಅವರು ಎದ್ದು ಹೋದರು. ಅವತ್ತೇ ಸಂಜೆ ಅವಳು ಆ ಕಡೆಯ ವಾಲ್ವ್ ತಿರುಗಿಸಿ ಮುಚ್ಚಿದಳು.

ಸಸಿ ಹಳದಿಗೆ ತಿರುಗಿತು. ಅದನ್ನು ನೋಡಲಾರದೆ ಖೈರುನ್ನೀಸಾ ಬೇರೆ ದಾರಿಯಿಂದ ಹೊಲಕ್ಕೆ ಹೋಗತೊಡಗಿದಳು. ಕೊನೆಗೆ ಶಾಮೀದಸಾಬರು ಸಸಿಯನ್ನು ಆಡುಗಳಿಗೆ ಮೇಯಿಸಿ ಜೋಳ ಬಿತ್ತಿದರು. ಅವರು ಕೇಳುವ ಮೊದಲೇ ಅವಳು ನೀರು ಬಿಟ್ಟಳು. ಜೋಳ ಬಂತು, ಮಾತು ಮಾತ್ರ ಬರಲಿಲ್ಲ. ಮಸೀದಿಯ ಹತ್ತಿರ ಎದುರಾದರೂ ಅವರು ಮುಖ ತಿರುಗಿಸಿ ನಡೆಯುತ್ತಿದ್ದರು.

ಬಿಸಿಲು ಬಲಿತಾಗ ಕೇರಿಯ ನಳ ಸಣ್ಣಗಾಯಿತು. ನಡುವೆ ಟ್ಯಾಂಕರ್ ತರಿಸಬೇಕಾಗಿಯೂ ಬಂತು. ಆದರೆ ಹಿಂದಿನ ಬೇಸಿಗೆಗಳ ಹಾಗೆ ಪೂರ್ತಿ ನಿಲ್ಲಲಿಲ್ಲ. ಮಳೆ ಬಂದರೆ ನೀರು ಇಂಗಲೆಂದು ಮಾರೆಣ್ಣ ತನ್ನ ಬೋರಿನ ಪಕ್ಕ ಗುಂಡಿ ತೋಡಿ ಕಲ್ಲು ತುಂಬಿದ.

ಬಕ್ರೀದ್ ದಿನ ಶಾಮೀದಸಾಬರು ಕರೆಯದೆಯೇ ಮನೆಗೆ ಬಂದರು. ಊಟ ಮಾಡಿದರು. ಕೈ ತೊಳೆದು ಕೇಳಿದರು:

"ನಿನ್ನ ಬೋರು ಹ್ಯಾಂಗೈತಿ?"

"ಧಾರಿ ಸಣ್ಣಗಾಗೇತಿ, ಬಾವಾ. ಕಡದಿಲ್ಲ."

"ಮಾರೆಣ್ಣ ಗುಂಡಿ ತೋಡ್ಯಾನಂತ. ಮಳಿ ಬರೋದ್ರಾಗ ನಮ್ಮ ಬೋರಿಗೂ ಒಂದು ತೋಡಬೇಕು. ಜಾಗ ನೋಡೂಣು, ನಡಿ."

ಖೈರುನ್ನೀಸಾ ಸೆರಗು ಸರಿಮಾಡಿಕೊಂಡು ಅವರ ಹಿಂದೆ ಹೊಲದ ಕಡೆ ಹೊರಟಳು.