ಬಲಗಡೆ ಕೇಳದ ಸದ್ದು

ನಾನು ಒಂದು ಸ್ಟೆತಾಸ್ಕೋಪು. ಮಕ್ಕಳ ಎದೆಗೆಂದೇ ಹುಟ್ಟಿದವನು. ನನ್ನ ಲೋಹದ ಬಿಲ್ಲೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಕಾರ್ಖಾನೆಯಲ್ಲಿ ದೊಡ್ಡವರ ಸ್ಟೆತಾಸ್ಕೋಪುಗಳು ನನ್ನನ್ನು ಆಟಿಕೆ ಅಂದುಕೊಂಡಿದ್ದವು. ಅಂದುಕೊಳ್ಳಲಿ ಬಿಡಿ.

ನನ್ನನ್ನು ಕೊಂಡವಳು ಶಾಂಭವಿ. ಮಕ್ಕಳ ವೈದ್ಯೆಯಾದರೂ ಸಮಾಧಾನವಿಲ್ಲದೆ, ಮಕ್ಕಳ ಶ್ವಾಸಕೋಶವನ್ನೇ ಕಲಿಯಬೇಕೆಂದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿದ್ದಳು. ಇವಳ ಓದು ಯಾವಾಗ ಮುಗಿಯುತ್ತದೆಂದು ಕೇಳಿ ಕೇಳಿ ಮನೆಯವರು ಸುಸ್ತಾಗಿದ್ದರು.

ಅವಳು ನನ್ನನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಯೇ ಮಗುವಿನ ಮೈಗೆ ಇಡುತ್ತಿದ್ದಳು. ಆದರೂ ಮಕ್ಕಳು ಅಳುತ್ತಿದ್ದವು. ಎರಡು ಅಳುವಿನ ನಡುವೆ ಮಗು ಜೋರಾಗಿ ಉಸಿರೆಳೆದುಕೊಳ್ಳುತ್ತದಲ್ಲ, ಆ ಗಳಿಗೆಗೆ ನಾವಿಬ್ಬರೂ ಕಾಯುತ್ತಿದ್ದೆವು.

ಅವಳಿಗೆ ಕಿವಿ ಚುರುಕು, ಧೈರ್ಯ ಕಡಿಮೆ. ಕೊನೆಯ ಪರೀಕ್ಷೆಯಲ್ಲಿ ಸರಿಯಾದ ಉತ್ತರವನ್ನೇ ಹೇಳಿದ್ದಳು. ಪರೀಕ್ಷಕರು ಖಾತ್ರಿಯೇ ಎಂದು ಕೇಳಿದ್ದೇ ತಡ, ಮಾತು ಬದಲಿಸಿ ಫೇಲಾದಳು. ನನಗಂತೂ ಸಂಕಟವಾಯಿತು. ಇಬ್ಬರೂ ಒಟ್ಟಿಗೇ ಕೇಳಿದ್ದೆವಲ್ಲ!

ಅದೇ ಪರೀಕ್ಷೆಗೆ ಮತ್ತೆ ಕೂತಾಗ ಅವಳ ಮುಂದೆ ಕೂರಿಸಿದ್ದು ಪುಟ್ಟ ಅಫ್ರೀನಳನ್ನು. ಬಹಳ ದಿನದ ಕೆಮ್ಮು, ಎದೆಯಲ್ಲಿ ಗೊರಗೊರ. ಎಲ್ಲರೂ ಅಸ್ತಮಾ ಎಂದೇ ಔಷಧಿ ಕೊಟ್ಟಿದ್ದರು. ಎಡಗಡೆ ಗಾಳಿ ಸಲೀಸಾಗಿ ಹೋಗಿಬರುತ್ತಿತ್ತು. ಬಲಗಡೆ ಇದ್ದೂ ಇಲ್ಲದಂತಿತ್ತು. ಶಾಂಭವಿ ನನ್ನನ್ನು ಮತ್ತೆ ಮತ್ತೆ ಅಲ್ಲಿಗೇ ತಂದಳು. ಕೆಮ್ಮು ಶುರುವಾದ ದಿನದ ಬಗ್ಗೆ ತಾಯಿಯನ್ನು ವಿಚಾರಿಸಿದಳು. ಅಜ್ಜಿ ಚೌಕಾಬಾರ ಆಡುವಾಗ ಮಗು ಪಕ್ಕದಲ್ಲಿ ಕೂತು ನಗುತ್ತಿತ್ತು, ನಗುತ್ತಲೇ ಕೆಮ್ಮಿತು ಎಂದರು ತಾಯಿ.

"ಇದು ಅಸ್ತಮಾ ಅಲ್ರಿ ಸರ್. ಬಲಗಡಿ ಶ್ವಾಸನಾಳದಾಗ ಏನೋ ಸಿಕ್ಕೊಂಡದ."

ಎಕ್ಸ್‌ರೇಯಲ್ಲಿ ಏನೂ ಕಾಣುತ್ತಿಲ್ಲವಲ್ಲ ಎಂದರು ಪರೀಕ್ಷಕರು. ಆಮೇಲೆ ಅದೇ ಹಳೆಯ ಪ್ರಶ್ನೆ.

"ಖಾತ್ರಿ ಏನಮ್ಮ?"

ಅವಳ ಬೆರಳುಗಳು ನನ್ನ ಕೊಳವೆಯನ್ನು ಬಿಗಿಯಾಗಿ ಹಿಡಿದವು.

"ಖಾತ್ರಿ ಅದರಿ. ಬೇಕಾದ್ರ ನನ್ನ ಫೇಲ್ ಮಾಡ್ರಿ, ಕೂಸಿನ್ನ ಮಾತ್ರ ಹಂಗೇ ಮನಿಗಿ ಕಳಿಸಬ್ಯಾಡ್ರಿ."

ಪರೀಕ್ಷಕರು ಕೈಚಾಚಿ ನನ್ನನ್ನು ಪಡೆದು, ತಾವೇ ಬಹಳ ಹೊತ್ತು ಕೇಳಿದರು. ಆಮೇಲೆ ಹೌದೆಂದು ತಲೆಯಾಡಿಸಿದರು.

ಮಗುವಿಗೆ ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ಕೊಳವೆ ಇಳಿಸಿ ತೆಗೆದಾಗ ಹೊರಬಂದದ್ದು ಸೀಳಿದ ಹುಣಸೆಬೀಜ, ಅಜ್ಜಿ ಚೌಕಾಬಾರದಲ್ಲಿ ದಾಳವಾಗಿ ಉರುಳಿಸುತ್ತಿದ್ದದ್ದು. ಅಫ್ರೀನಳ ಬಲಗಡೆ ಗಾಳಿ ತುಂಬಿಕೊಂಡ ಸದ್ದನ್ನು ಮೊದಲು ಕೇಳಿದವನು ನಾನೇ. ಅಷ್ಟು ಚಂದದ ಸದ್ದು ಇನ್ನೊಂದಿಲ್ಲ.

ಈಗ ನನಗೆ ವಯಸ್ಸಾಗಿದೆ, ಕೊಳವೆ ಗಡುಸಾಗಿದೆ. ಪಾಠ ಹೇಳುವ ಶಾಂಭವಿಯ ಕೋಣೆಯಲ್ಲಿ ಮೊಳೆಗೆ ನೇತುಬಿದ್ದಿದ್ದೇನೆ. ಅವಳೂ ವಿದ್ಯಾರ್ಥಿಗಳನ್ನು ಖಾತ್ರಿಯೇ ಎಂದು ಕೇಳುತ್ತಾಳೆ. ಯಾರಾದರೂ ತಡವರಿಸಿದರೆ ಬೈಯುವುದಿಲ್ಲ. ನನ್ನನ್ನು ಮೊಳೆಯಿಂದ ಇಳಿಸಿ, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಅವರ ಕೈಗಿಡುತ್ತಾಳೆ.

"ಮತ್ತೊಮ್ಮಿ ಕೇಳು. ಕೇಳಿದ ಮ್ಯಾಲ ಮಾತು ಬದಲಿಸಬ್ಯಾಡ."